ಶೆಡ್ಡಲ್ಲಿ ನಿಂತಿರೋ ಪಾಲಿಯೋ 1.6 ಮನೇಲೇ ರೆಡಿ ಮಾಡ್ಬೇಕು, ಮೊದ್ಲು ಏನ್ ಮುಟ್ಲಿ?

ತೋಟದ_ಪಾಲಿಯೋ (ಮೈಸೂರು)

ನಮಸ್ಕಾರ ಎಲ್ರಿಗೂ. ನಮ್ ಸೋದರಮಾವಂದು 2003ರ ಫಿಯಟ್ ಪಾಲಿಯೋ 1.6 ಜಿಟಿಎಕ್ಸ್ ಇದೆ, ಕೆಂಪು ಕಲರ್, 92 ಸಾವಿರ ಕಿಮೀ ಓಡಿದೆ. ಮಂಡಿನೋವು ಬಂದ್ಮೇಲೆ ಅವ್ರು ಆಟೋಮ್ಯಾಟಿಕ್ ಗಾಡಿ ತಗೊಂಡ್ರು, ಇದನ್ನ ಶ್ರೀರಂಗಪಟ್ಟಣದ ಹತ್ರ ತೋಟದ ಶೆಡ್ಡಲ್ಲಿ ನಿಲ್ಸಿ ಟಾರ್ಪಾಲ್ ಹೊದ್ಸಿಬಿಟ್ರು, ಅದೂ ಹ್ಯಾಂಡ್‌ಬ್ರೇಕ್ ಎಳೆದೇ. ಲಾಕ್‌ಡೌನ್‌ಗೂ ಮುಂಚೆಯಿಂದ ಹಾಗೇ ಇದೆ. ಮೊನ್ನೆ ಹಬ್ಬಕ್ಕೆ ಹೋದಾಗ "ನೀನ್ ತಗೊಂಡ್ಹೋಗ್ತೀಯೇನೋ, ಇಲ್ಲಾಂದ್ರೆ ಗುಜರಿಯವ್ನು ಕೇಳ್ತಾವ್ನೆ ಕೊಟ್ಬಿಡ್ತೀನಿ" ಅಂದ್ರು, ನಾನು ಹಿಂದೆಮುಂದೆ ನೋಡ್ದೆ ಹ್ಞೂಂ ಅಂದ್ಬಿಟ್ಟೆ.

2001ರಲ್ಲಿ ಪಾಲಿಯೋ ಬಂದಾಗ ಈ 1.6 ಇಂಜಿನ್‌ಗೆ 100 ಎಚ್‌ಪಿ, ನಮ್ಮಲ್ಲಿ ಜೆನ್ ಓಡಿಸೋರೆಲ್ಲ 60 ಎಚ್‌ಪಿಲೇ ಖುಷಿಯಾಗಿದ್ದ ಕಾಲ ಅದು. ಮೈಲೇಜ್ ಕೇಳ್ಬೇಡಿ, ಮಾವ ಅದನ್ನ ಕೊನೇವರೆಗೂ ಅತ್ತೆಗೆ ಹೇಳ್ಲೇ ಇಲ್ಲ.

ಈಗಿನ ಸ್ಥಿತಿ: ಬ್ಯಾಟರಿ ಸತ್ತಿದೆ, ಬಾನೆಟ್ ಒಳಗೆ ಇಲಿ ಗೂಡು ಕಟ್ಟಿ ಒಂದಷ್ಟು ವೈರ್ ಕಡ್ದಿದೆ, ಕ್ಲಚ್ ತುಳಿದು ಗೇರ್ ಹಾಕಿದ್ರೂ ಗಾಡಿ ತಳ್ಳೋಕೆ ಆಗಲ್ಲ, ರೂಫ್ ಮೇಲಿನ ಕ್ಲಿಯರ್ ಕೋಟ್ ಎದ್ದು ಹಪ್ಪಳ ಆಗಿದೆ, ಟ್ಯಾಂಕಲ್ಲಿ ಕಾಲು ಭಾಗ ಹಳೇ ಪೆಟ್ರೋಲ್ ಇದೆ. ನನ್ ಹತ್ರ ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, ಟ್ರಾಲಿ ಜಾಕ್, ಮಲ್ಟಿಮೀಟರ್ ಇದೆ, ಬೈಕ್ ಕೆಲ್ಸ ಎಲ್ಲಾ ನಾನೇ ಮಾಡ್ಕೋತೀನಿ ಆದ್ರೆ ಕಾರ್ ಇಂಜಿನ್ ಬಿಚ್ಚಿಲ್ಲ. ಬಜೆಟ್ ಸುಮಾರು ಒಂದೂಕಾಲು ಲಕ್ಷ, ಒಂದೇ ಸಲ ಅಲ್ಲ ತಿಂಗಳು ತಿಂಗಳು ಹಾಕ್ಬೋದು. ನಮ್ ಬೀದಿ ಪೇಂಟರ್ 45 ಸಾವಿರಕ್ಕೆ ಫುಲ್ ಬಾಡಿ ಹೊಡ್ಕೊಡ್ತೀನಿ ಅಂತಿದಾನೆ, ಮೊದ್ಲು ಅದು ಮಾಡಿಸ್ಲಾ? ಟೈಮಿಂಗ್ ಬೆಲ್ಟ್ (ಪಿಸ್ಟನ್ನೂ ವಾಲ್ವೂ ಒಂದೇ ತಾಳಕ್ಕೆ ಓಡ್ಸೋ ಬೆಲ್ಟು) ಮನೇಲಿ ಹಾಕ್ಬೋದಾ? ಪಾರ್ಟ್ಸ್ ಎಲ್ಲಿ ಸಿಗತ್ತೆ? ಈಗಿನ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಈ ಗಾಡಿಗೆ ಹಾಕಿದ್ರೆ ಏನಾಗತ್ತೆ? ಆರ್‌ಸಿ 2018ರಲ್ಲಿ ರಿನ್ಯೂ ಮಾಡ್ಸಿದ್ರು, 2023ಕ್ಕೆ ಮುಗ್ದಿದೆ, ಅದೊಂದು ತಲೆನೋವು ಬೇರೆ.

ಗುಜರಿ_ಗುರು (ಬೆಂಗಳೂರು)

ಗುರು ಮೊದ್ಲು ಒಂದ್ ಮಾತು, ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸೋ ಆಸೆ ಬರತ್ತೆ, ಪಕ್ಕದ್ಮನೆಯವ್ರು ಬಂದು "ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ" ಅಂತಾರೆ, ಯಾರ್ ಹೇಳಿದ್ರೂ ಮಾಡ್ಬೇಡಿ. ಅದ್ರ ಟೈಮಿಂಗ್ ಬೆಲ್ಟ್ ಕೊನೇ ಸಲ ಯಾವಾಗ ಹಾಕಿದ್ದು ಅಂತ ಮಾವಂಗೂ ನೆನಪಿರಲ್ಲ. ಬೆಲ್ಟ್ ರಬ್ಬರು, ಕಿಲೋಮೀಟರ್ ಓಡ್ದೇ ಇದ್ರೂ ವಯಸ್ಸಾಗತ್ತೆ. ಈ 16 ವಾಲ್ವ್ ಇಂಜಿನಲ್ಲಿ ಬೆಲ್ಟ್ ಹರಿದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡ್ಯತ್ತೆ, ಆಮೇಲೆ ಹೆಡ್ ಇಳಿಸ್ಬೇಕು, ನಿಮ್ ಬಜೆಟ್ ಅಲ್ಲೇ ಮುಗೀತು.

ನಾನಾದ್ರೆ ಹೀಗೆ ಹೋಗ್ತೀನಿ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಒಂದೊಂದು ತೂತಿಗೆ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ನ್ಯೂಟ್ರಲ್ಲಲ್ಲಿಟ್ಟು ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಿ, ಇಂಜಿನ್ ಸುತ್ತೋ ದಿಕ್ಕಿಗೇ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಬಲ ಹಾಕ್ಬೇಡಿ ಅಲ್ಲೇ ನಿಲ್ಸಿ. ಸಲೀಸಾಗಿ ತಿರುಗಿದ್ರೆ ಅರ್ಧ ಯುದ್ಧ ಗೆದ್ದ ಹಾಗೆ. ಹೊಸ ಬೆಲ್ಟ್, ಅದನ್ನ ಬಿಗಿಯಾಗಿ ಇಡೋ ಟೆನ್ಷನರ್, ವಾಟರ್ ಪಂಪ್ ಮೂರೂ ಒಟ್ಟಿಗೆ ಹಾಕಿ, ಪಂಪ್ ಚೆನ್ನಾಗಿದೆ ಅಂತ ಉಳಿಸಿದ್ರೆ ಆರ್ ತಿಂಗಳಿಗೆ ಅದು ಸೋರಿ ಮತ್ತೆ ಎಲ್ಲಾ ಬಿಚ್ಚೋ ಥರ ಆಗತ್ತೆ. ಮನೇಲಿ ಮಾಡ್ಬೋದಾ ಅಂದ್ರೆ ಮಾಡ್ಬೋದು, ಆದ್ರೆ ಕ್ಯಾಮ್ ಲಾಕ್ ಟೂಲ್ (ವಾಲ್ವ್ ತೆರೆಯೋ ಶಾಫ್ಟ್ ಅಲ್ಲಾಡ್ದೆ ಹಿಡ್ಯೋ ಸಾಧನ) ಇಲ್ದೆ ಮಾಡ್ಬೇಡಿ. ಪೇಂಟಲ್ಲಿ ಗುರುತು ಹಾಕ್ಕೊಂಡು ಹಲ್ಲು ಎಣಿಸಿ ಹಾಕೋ ಮೆಕ್ಯಾನಿಕ್‌ಗಳು ಇದಾರೆ, ಅವ್ರ ಕೈ ಪಳಗಿರತ್ತೆ, ನಮ್ ನಿಮ್ದಲ್ಲ.

ಬೆಲ್ಟ್ ಆದ್ಮೇಲೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯತ್ತೆ ಅಂತ ಗೇಜಲ್ಲಿ ನೋಡೋದು. ಗೇಜ್ ಮೇಲಿನ ನಂಬರ್‌ಗಿಂತ ನಾಲ್ಕು ಸಿಲಿಂಡರ್ ಮಧ್ಯೆ ವ್ಯತ್ಯಾಸ ಎಷ್ಟು ಅನ್ನೋದು ಮುಖ್ಯ, ಶೇ 10ರ ಒಳಗಿದ್ರೆ ತಲೆ ಕೆಡಿಸ್ಕೋಬೇಡಿ. ಒಂದು ಕಮ್ಮಿ ಇದ್ರೆ ಅದಕ್ಕೆ ಒಂದ್ ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ಪಿಸ್ಟನ್ ರಿಂಗ್ ಕಥೆ, ಏರ್ದೇ ಇದ್ರೆ ವಾಲ್ವ್ ಕಡೆ.

ಪೆಟ್ರೋಲ್ ಪೂರ್ತಿ ತೆಗೀರಿ. ಅಷ್ಟು ವರ್ಷದ ಪೆಟ್ರೋಲ್ ವಾರ್ನಿಷ್ ವಾಸ್ನೆ ಬರತ್ತೆ, ಪಂಪು ಇಂಜೆಕ್ಟರ್ ಎಲ್ಲಾ ಅಂಟು ಮಾಡಿರತ್ತೆ. ಇಂಜೆಕ್ಟರ್ ಬಿಚ್ಚಿ ಅಲ್ಟ್ರಾಸಾನಿಕ್ ಕ್ಲೀನಿಂಗ್‌ಗೆ ಕೊಡಿ. ಇ20 ಕೇಳಿದ್ರಲ್ಲ, 2003ರ ಗಾಡಿ ರಬ್ಬರ್ ಪೈಪುಗಳು ಅದಕ್ಕೆ ಮಾಡಿದ್ದಲ್ಲ, ಹೇಗೂ 20 ವರ್ಷ ದಾಟಿದಾವೆ, ಫ್ಯೂಯಲ್ ಲೈನ್ ರಬ್ಬರ್ ಇರೋ ಕಡೆ ಎಲ್ಲಾ ಎಸ್‌ಎಇ ಜೆ30ಆರ್9 ಅಂತ ಪ್ರಿಂಟ್ ಇರೋ ಹೋಸ್ ಹಾಕಿ, ಇಂಜೆಕ್ಟರ್ ಓ-ರಿಂಗ್ ಹೊಸದು ಹಾಕಿ. ಎಥೆನಾಲ್ ಟ್ಯಾಂಕಿನ ಹಳೇ ಕೊಳೆ ಎಬ್ಬಿಸ್ಕೊಂಡು ಬರತ್ತೆ, ಹಾಗಾಗಿ ಫ್ಯೂಯಲ್ ಫಿಲ್ಟರ್ ಎರಡು ತಗೊಳ್ಳಿ, ಒಂದು ಈಗ, ಇನ್ನೊಂದು ಸ್ವಲ್ಪ ಓಡಿಸಿದ್ಮೇಲೆ. ಮತ್ತೆ ಇನ್ಮೇಲೆ ತಿಂಗಳುಗಟ್ಲೆ ನಿಲ್ಸೋದಾದ್ರೆ ಟ್ಯಾಂಕ್ ಅರ್ಧ ಖಾಲಿ ಇಡ್ಬೇಡಿ, ನೀರು ಎಳ್ಕೊಳತ್ತೆ.

ಪೇಂಟ್ ಕೊನೇಗೆ. ಥಳಥಳ ಹೊಳ್ಯೋ ಬ್ರೇಕಿಲ್ದಿರೋ ಗಾಡಿ ಯಾರಿಗ್ ಬೇಕು.

ಕರೆಂಟ್_ಮಾಸ್ತರ (ಹುಬ್ಬಳ್ಳಿ)

ಗುರುಗಳು ಇಂಜಿನ್ ಬಗ್ಗೆ ಎಲ್ಲಾ ಹೇಳ್ಯಾರ, ನಾ ವೈರಿಂಗ್ ಬಗ್ಗೆ ಅಷ್ಟ ಹೇಳ್ತೀನ್ರಿ. ಇಲಿ ಕಡಿದ ವೈರ್ ನೋಡಿ ಪೂರಾ ಹಾರ್ನೆಸ್ (ವೈರಿನ ಕಟ್ಟು) ಬದ್ಲಿ ಮಾಡಬೇಕು ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಕಡಿದಿದ್ದು ಎಲ್ಲೆಲ್ಲಿ ಐತಿ ಫೋಟೋ ತಕ್ಕೊಂಡು, ಅದ ದಪ್ಪದ ವೈರ್ ತಂದು, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕ್ರಿ. ಎರಡು ವೈರ್ ತಿರುವಿ ಮ್ಯಾಲೆ ಕರೇ ಟೇಪ್ ಸುತ್ತಿದ್ರ ಇಂಜಿನ್ ಬಿಸಿಗೆ ಆ ಟೇಪ್ ಬಿಚ್ಚಕೊಂಡು ಹೊಕ್ಕೈತಿ, ಮಳಿಗಾಲದಾಗ ನಡುದಾರಿಗೆ ನಿಲ್ತೀರಿ.

ಹಳೇ ಗಾಡಿಯಾಗ "ಎಲೆಕ್ಟ್ರಿಕಲ್ ದೆವ್ವ" ಅಂತಾರಲ್ರಿ, ಹೆಡ್‌ಲೈಟ್ ಹಾಕಿದ್ರ ಟೆಂಪರೇಚರ್ ಮುಳ್ಳು ಏರೂದು, ಇಂಡಿಕೇಟರ್ ಜೋಡಿ ಸ್ಟಾಪ್ ಲೈಟ್ ಮಿಣಕೂದು, ಹತ್ತಕ್ಕ ಎಂಟು ಅರ್ಥ್ ಸಮಸ್ಯಾನ. ಬ್ಯಾಟರಿ ಮೈನಸ್ ಬಾಡಿಗೆ ಕೂಡೂ ಜಾಗ, ಬಾಡಿಯಿಂದ ಇಂಜಿನ್‌ಗೆ ಹೋಗೂ ಪಟ್ಟಿ, ಹೆಡ್‌ಲೈಟ್ ಹಿಂದಿನ ಅರ್ಥ್ ಪಾಯಿಂಟ್, ಎಲ್ಲಾ ಬಿಚ್ಚಿ ಉಪ್ಪುಕಾಗದ ಹಚ್ಚಿ ಹೊಳಪ ಬರೂ ತನಕ ತಿಕ್ಕಿ, ಕೂಡಿಸಿದ ಮ್ಯಾಲೆ ಸ್ವಲ್ಪ ವ್ಯಾಸಲಿನ್ ಹಚ್ರಿ. ಆಮ್ಯಾಲೆ ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಯಾರಿಗರ ಸ್ಟಾರ್ಟರ್ ಹೊಡಿಲಿಕ್ಕೆ ಹೇಳ್ರಿ. 0.2 ವೋಲ್ಟ್ ಆಸುಪಾಸು ಬಂದ್ರ ಭೇಷ್, ಅರ್ಧ ವೋಲ್ಟ್ ದಾಟಿದ್ರ ಆ ಅರ್ಥ್ ಪಟ್ಟಿ ಕೆಟ್ಟೈತಿ ಅಂತನ ತಿಳ್ಕೋರಿ, ನೋಡಾಕ ಎಷ್ಟ ಚಂದ ಇರಲಿ.

ಇನ್ನೊಂದು, 300 ರೂಪಾಯಿದ ಬ್ಲೂಟೂತ್ ಓಬಿಡಿ ಡಬ್ಬಿ (ಗಾಡಿ ದೋಷ ಓದೂ ಸಾಧನ) ತಂದು ಚುಚ್ಚಿ ಗಾಡಿ ಮಾತಾಡಲಿಲ್ಲ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಹೋಗೈತಿ ಅನ್ನಬ್ಯಾಡ್ರಿ. ಆ ಕಾಲದ ಫಿಯಟ್‌ಗೆ ಲ್ಯಾಪ್‌ಟಾಪ್‌ಗೆ ಜೋಡಸೂ ಕೆಕೆಎಲ್ ಕೇಬಲ್ ಮತ್ತ ಮಲ್ಟಿಇಸಿಯುಸ್ಕ್ಯಾನ್ ಸಾಫ್ಟ್‌ವೇರ್ ಬೇಕಾಗ್ತೈತಿ, ಹಳೇ ಲ್ಯಾಪ್‌ಟಾಪ್ ಇದ್ರ ಸಾಕು. ಐಡಲ್ (ಗಾಡಿ ನಿಂತಾಗಿನ ಇಂಜಿನ್ ವೇಗ) ಏರಿಳಿತ ಬಂದ್ರ ಸೆನ್ಸರ್ ಬದಲಿ ಮಾಡೂದಕ್ಕಿಂತ ಮೊದಲ ಥ್ರಾಟಲ್ ಬಾಡಿ ಸ್ವಚ್ಛ ಮಾಡ್ರಿ, ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟೈತೇನು ನೋಡ್ರಿ.

ಟರ್ಬೋ_ಮಗಾ

ಮಗಾ ಒಂದೂಕಾಲು ಲಕ್ಷ ಇದಕ್ಕ್ ಸುರಿಯೋ ಬದ್ಲು ಇನ್ನೊಂದೆರಡು ಲಕ್ಷ ಸೇರ್ಸಿ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ತಗೋ, 105 ಪಿಎಸ್, ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್, ಎಸಿ ಕೂಡ ಕೆಲ್ಸ ಮಾಡತ್ತೆ 😄

ಗುಜರಿ_ಗುರು (ಬೆಂಗಳೂರು)

@ಟರ್ಬೋ_ಮಗಾ ಆ 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ ಒಂದ್ಸಲ ಕೈ ಕೊಟ್ರೆ ಮೆಕಾಟ್ರಾನಿಕ್ಸ್ (ಗೇರ್ ಬದಲಾಯಿಸೋ ಯೂನಿಟ್) ಬಿಲ್ಲಲ್ಲಿ ಇವ್ರ ಪೂರ್ತಿ ಪಾಲಿಯೋ ರೆಡಿ ಆಗತ್ತೆ. ಅವ್ರು ಮಾವನ ಗಾಡಿ ಕೇಳ್ತಿರೋದು, ಕಾರ್ ಶಾಪಿಂಗ್ ಅಲ್ಲ.

ಕಡಲ_ತುಕ್ಕು (ಮಂಗಳೂರು)

ನಮ್ಮ ಊರಿನಲ್ಲಿ ಕಾರು ಇಟ್ಟವರಿಗೆ ತುಕ್ಕಿನ ಬಗ್ಗೆ ಯಾರೂ ಪಾಠ ಮಾಡುವುದು ಬೇಡ ಮಾರಾಯ್ರೆ, ಉಪ್ಪು ಗಾಳಿಯೇ ಮಾಡ್ತದೆ. ನೀವು ಪೇಂಟರಿಗೆ ಅಡ್ವಾನ್ಸ್ ಕೊಡುವ ಮೊದಲು ಕಾರ್ಪೆಟ್ ಎಬ್ಬಿಸಿ ಫ್ಲೋರ್ ನೋಡಿ, ಬ್ಯಾಟರಿ ಟ್ರೇ ಕೆಳಗೆ ನೋಡಿ, ಬಾಗಿಲಿನ ಅಡಿಯ ಸಿಲ್ ಉಂಟಲ್ಲ ಅದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಲೋಹ, ಡಬ್ ಅಂದರೆ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಅಥವಾ ತುಕ್ಕು. ಜಾಕ್ ಕೊಡುವ ಜಾಗ ಮೆತ್ತಗೆ ಆಗಿದ್ದರೆ ಗಾಡಿ ಎತ್ತಲೇಬೇಡಿ, ಮೊದಲು ವೆಲ್ಡಿಂಗ್. ಎತ್ತುವುದಾದರೂ ಟ್ರಾಲಿ ಜಾಕ್ ಮೇಲೆ ನಂಬಿ ಕೆಳಗೆ ನುಗ್ಗಬೇಡಿ, ನಿಮ್ಮ ಲಿಸ್ಟಲ್ಲಿ ಜಾಕ್ ಸ್ಟ್ಯಾಂಡ್ ಕಾಣ್ಲಿಲ್ಲ, ಒಂದು ಜೊತೆ ಇವತ್ತೇ ತಗೊಳ್ಳಿ. ತೋಟದ ಮಣ್ಣು ನೆಲ ಆದರೆ ಸ್ಟ್ಯಾಂಡ್ ಅಡಿಗೆ ದಪ್ಪ ಪ್ಲೈವುಡ್ ಬೇಕು.

ಬಾಗಿಲಿನ ಅಡಿ ನೀರು ಹೋಗುವ ತೂತುಗಳಲ್ಲಿ ಎಲೆ ಕಸ ತುಂಬಿರ್ತದೆ, ತಂತಿ ಹಾಕಿ ಬಿಡಿಸಿ. ತುಕ್ಕಿನ ಮೇಲೆಯೇ ಕಪ್ಪು ರಬ್ಬರ್ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು ಮಾತ್ರ ಬೇಡ, ಒಳಗೆ ತಿನ್ನುತ್ತಾ ಹೋಗ್ತದೆ, ಹೊರಗೆ ಚೆಂದ ಕಾಣ್ತದೆ. ಮತ್ತೆ ಪೂರ್ತಿ ಬಾಡಿ 45 ಸಾವಿರಕ್ಕೆ ಅಂದರೆ ಅವ ಗ್ಲಾಸ್, ಬೀಡಿಂಗ್ ಬಿಚ್ಚುವುದಿಲ್ಲ, ಮಾಸ್ಕಿಂಗ್ ಟೇಪ್ ಅಂಟಿಸಿಯೇ ಹೊಡೀತಾನೆ. ನಿಮ್ಮದು ರೂಫ್ ಮಾತ್ರ ಹಾಳಾಗಿದ್ದರೆ ರೂಫ್ ಮಾತ್ರ ಮಾಡಿಸಿ, ಉಳಿದದ್ದಕ್ಕೆ ಕಾಂಪೌಂಡ್ ಪಾಲಿಶ್ ಸಾಕು, ಕೆಂಪು ಬಣ್ಣ ಮಂಕಾದ್ರೂ ಉಜ್ಜಿದ್ರೆ ಒಳ್ಳೆ ಎದ್ದು ಬರ್ತದೆ.

ತೋಟದ_ಪಾಲಿಯೋ (ಮೈಸೂರು)

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ನಿನ್ನೆ ಹೋಗಿ ತಟ್ಟಿ ನೋಡ್ದೆ, ಸಿಲ್ ಎರಡೂ ಕಡೆ ಟಣ್ ಅಂತಿದೆ, ಬ್ಯಾಟರಿ ಟ್ರೇ ಮಾತ್ರ ಉದುರ್ತಿದೆ. ಪೇಂಟರ್‌ಗೆ ಈಗ ಬೇಡ ಅಂದೆ, ಮುಖ ಊದಿಸ್ಕೊಂಡಿದಾನೆ. ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಿದೀನಿ. ಹಿಂದಿನ ಚಕ್ರ ಎರಡೂ ಜಾಮ್, ಡ್ರಮ್ ಬರ್ತಾನೇ ಇಲ್ಲ. ಕ್ಲಚ್ ಬಗ್ಗೆ ಯಾರೂ ಹೇಳ್ಲಿಲ್ಲ. ಮತ್ತೆ ಆರ್‌ಸಿ?

ಫಾರಂ_25 (ತುಮಕೂರು)

ಆರ್‌ಸಿ ವಿಷಯ ನಾನ್ ಹೇಳ್ತೀನಿ ಸರ್, ನಮ್ದು ಹಳೇ ಗಾಡಿ ಸಂಸಾರ. ದೆಹಲಿ ಕಡೆ ಸುದ್ದಿ ನೋಡಿ 15 ವರ್ಷ ಆದ್ರೆ ಗುಜರಿಗೇ ಹಾಕ್ಬೇಕು ಅಂತ ಹೆದರ್ಬೇಡಿ, ನಮ್ ರಾಜ್ಯದಲ್ಲಿ ಸ್ವಂತ ಬಳಕೆ ಗಾಡಿ ಫಿಟ್‌ನೆಸ್ ಪಾಸಾದ್ರೆ 5 ವರ್ಷಕ್ಕೊಂದ್ಸಲ ರಿನ್ಯೂ ಆಗತ್ತೆ. ಫಾರಂ 25 ಹಾಕ್ಬೇಕು, ಹಸಿರು ತೆರಿಗೆ ಕಟ್ಬೇಕು, ಇನ್ಶೂರೆನ್ಸ್ ಎಮಿಷನ್ ಇರ್ಬೇಕು. ಫೀಸ್ 2022ರ ಏಪ್ರಿಲ್‌ನಿಂದ ಕಾರಿಗೆ 5 ಸಾವಿರ ಆಗಿತ್ತು, 2025ರ ಆಗಸ್ಟಲ್ಲಿ ಹೊಸ ನಿಯಮ ಬಂದು 20 ವರ್ಷ ದಾಟಿದ ಕಾರಿಗೆ 10 ಸಾವಿರ ಮಾಡಿದಾರೆ, ನಿಮ್ದು ಅದರಲ್ಲಿ ಬರತ್ತೆ. ಅದ್ರ ಮೇಲೆ ತಡ ಆಗಿದ್ದಕ್ಕೆ ತಿಂಗಳಿಗೆ 500ರ ಲೆಕ್ಕ ಇದೆ, 2023ರಿಂದ ನೀವೇ ಗುಣಿಸ್ಕೊಳ್ಳಿ, ಆ ದುಡ್ಡು ಬಜೆಟಲ್ಲಿ ಈಗ್ಲೇ ಪಕ್ಕಕ್ಕೆ ಎತ್ತಿಡಿ. ಆರ್‌ಸಿ ಇನ್ನೂ ಮಾವನ ಹೆಸ್ರಲ್ಲೇ ಇದ್ರೆ ರಿನ್ಯೂವಲ್ ಅವ್ರ ಹೆಸ್ರಲ್ಲೇ ಮುಗಿಸಿ ಆಮೇಲೆ ಟ್ರಾನ್ಸ್‌ಫರ್ ಮಾಡ್ಸಿ. ಬಣ್ಣ ಬದಲಾಯಿಸಿದ್ರೆ ಅದನ್ನೂ ಆರ್‌ಸಿಲಿ ಹತ್ತಿಸ್ಬೇಕು, ಕೆಂಪೇ ಇರ್ಲಿ. ವೆಲ್ಡಿಂಗ್ ಮಾಡ್ಸೋವಾಗ ಚಾಸಿ ನಂಬರ್ ಹತ್ರ ಯಾರ್ನೂ ಬಿಡ್ಬೇಡಿ, ಅದು ಅಳಿಸಿದ್ರೆ ಇನ್‌ಸ್ಪೆಕ್ಟರ್ ಮುಂದೆ ನಿಮ್ ಮಾತು ನಡ್ಯಲ್ಲ. ದೊಡ್ಡ ಸೌಂಡ್ ಸೈಲೆನ್ಸರ್ ಗಿಲೆನ್ಸರ್ ಆಸೆ ಇದ್ರೆ ಫಿಟ್‌ನೆಸ್ ಆಗೋವರೆಗೂ ಬೇಡ, ಆಮೇಲೂ ಬೇಡ, ಗಾಡಿ ಮಾರ್ಪಾಡು ತಡೆಯೋ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ.

ಗುಜರಿ_ಗುರು (ಬೆಂಗಳೂರು)

ಡ್ರಮ್ ಒಳಗೆ ಶೂ ಅಂಟ್ಕೊಂಡಿರತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಮಾಡಿ, ಹಬ್ ಸುತ್ತ ಡಬ್ಲ್ಯೂಡಿ-40 ಹೊಡ್ದು ರಾತ್ರಿ ಬಿಡಿ, ಬೆಳಿಗ್ಗೆ ರಬ್ಬರ್ ಸುತ್ತಿಗೆಲಿ ಸುತ್ತ ತಟ್ಟಿ. ತೆಗೆದ್ಮೇಲೆ ಶೂ, ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಸೀಲ್ ಕಿಟ್, ಬ್ರೇಕ್ ಹೋಸ್ ನಾಲ್ಕೂ ಹೊಸದು, ಡಾಟ್ 4 ಫ್ಲೂಯಿಡ್ ಹೊಸ ಡಬ್ಬಿ ಒಡೆದು ಹಾಕಿ, ತೆರೆದಿಟ್ಟಿದ್ದು ಗಾಳೀಲಿರೋ ನೀರು ಕುಡ್ದಿರತ್ತೆ. ಟೈರ್ ಪಕ್ಕ ನಾಲ್ಕು ಅಂಕಿ ನೋಡಿ, 2315 ಅಂತಿದ್ರೆ 2015ರ 23ನೇ ವಾರದ್ದು, ಟ್ರೆಡ್ ಎಷ್ಟೇ ಇರ್ಲಿ ಎಸೀರಿ.

ಕ್ಲಚ್ ಪ್ಲೇಟ್ ತುಕ್ಕಿಗೆ ಫ್ಲೈವೀಲ್‌ಗೆ ಅಂಟಿರ್ಬೋದು, ಆದ್ರೆ ಹಿಂದಿನ ಬ್ರೇಕ್ ಬಿಡಿಸೋವರೆಗೂ ಅದನ್ನ ಹೇಳೋಕಾಗಲ್ಲ, ನಿಮ್ ಗಾಡಿ ತಳ್ಳೋಕೆ ಬರ್ದೇ ಇರೋದು ಡ್ರಮ್‌ನಿಂದ್ಲೇ ಇರ್ಬೋದು. ಬ್ರೇಕ್ ಆದ್ಮೇಲೂ ಹಾಗೇ ಇದ್ರೆ ಗೇರ್‌ಬಾಕ್ಸ್ ಇಳಿಸಿ, ಇಳಿಸಿದ್ಮೇಲೆ ಪ್ಲೇಟು, ರಿಲೀಸ್ ಬೇರಿಂಗು, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲು ಮೂರೂ ಹಾಕಿ. ಕೂಲೆಂಟ್ ತುಂಬೋವಾಗ ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಮರೀಬೇಡಿ, ಹಳೇ ಪ್ಲಾಸ್ಟಿಕ್ ಅದು, ಕೈಯಲ್ಲೇ ಮೆಲ್ಲಗೆ ತಿರುಗಿಸಿ.

ಪಾರ್ಟ್ಸ್‌ಗೆ ಮೊದ್ಲು ಬೆಂಗ್ಳೂರಿನ ಜೆಸಿ ರೋಡ್ ಸುತ್ತಿ, ಬಾಡಿ ಐಟಂ ಡೋರ್ ಲಾಕ್ ಥರದ್ದು ಶಿವಾಜಿನಗರ ಗುಜರಿಲಿ ಅದೃಷ್ಟ ಇದ್ರೆ ಸಿಗತ್ತೆ, ಇಲ್ಲಾಂದ್ರೆ ಮುಂಬೈ ಕುರ್ಲಾ, ಈ ಗಾಡಿ ಹುಟ್ಟಿದ್ದೇ ಅಲ್ಲಿನ ಫ್ಯಾಕ್ಟರಿಲಿ. ಅಂಗಡೀಲಿ ಬರೀ ಪಾಲಿಯೋ ಅಂದ್ರೆ 1.2ದು ಕೈಗೆ ಕೊಡ್ತಾರೆ. ಅದೇ ಫಿಯಟ್ ಕಂಪನಿಯ ಸಿಯೆನಾ 1.6, ಪೆಟ್ರಾ 1.6, ಅಡ್ವೆಂಚರ್ 1.6 ಅಂತಾನೂ ಕೇಳಿ. ಬೆಲ್ಟ್ ಕಿಟ್ ಆರ್ಡರ್ ಮಾಡೋಕ್ ಮುಂಚೆ ಇಂಜಿನ್ ನಂಬರ್ ಪ್ಲೇಟ್ ಫೋಟೋ ಇಲ್ಲಿ ಹಾಕಿ. ಕ್ಯಾಮ್ ಲಾಕ್ ಟೂಲ್ ನನ್ ಹತ್ರ ಇದೆ, ಬೆಂಗ್ಳೂರಿಗೆ ಬಂದಾಗ ತಗೊಂಡ್ಹೋಗಿ, ವಾಪಸ್ ಕೊಡ್ಬೇಕು ಅಷ್ಟೇ.