ಫೈರ್‌ಪ್ಲೇಸ್‌ನಲ್ಲಿರೋ ಎರಡು ಕಬ್ಬಿಣದ ಕಾಲು ಯಾಕೆ?

ಪ್ರಶ್ನೆ: ಹಳೇ ಫೈರ್‌ಪ್ಲೇಸ್ ಕ್ಲೀನ್ ಮಾಡ್ತಿದ್ದೆ, ಒಳಗೆ ಜೋಡಿ ಕಬ್ಬಿಣದ ಸ್ಟ್ಯಾಂಡು, ಹಿಂದಿನ ಗೋಡೆಗೆ ಒರಗಿಸಿರೋ ದಪ್ಪ ಎರಕದ ತಟ್ಟೆ ಸಿಕ್ತು, ಇವೆಲ್ಲ ಬೇಕಾ ಅಥವಾ ಬರೀ ಶೋಗಾ? ಸೌದೆ ಹಚ್ಚಿದ್ರೆ ರೂಮೆಲ್ಲಾ ಹೊಗೆ ಬೇರೆ.

ಉತ್ತರ 1: ಖಂಡಿತ ಎಸೀಬೇಡಿ! ಆ ಜೋಡಿಗೆ ಆಂಡಿರಾನ್ ಅಂತಾರೆ, ಅದರ ಮೇಲೆ ಸೌದೆ ಅಡ್ಡ ಇಟ್ರೆ ಕೆಳಗಿಂದ ಗಾಳಿ ಆಡಿ ಚೆನ್ನಾಗಿ ಉರಿಯುತ್ತೆ, ಮುಂದಿನ ಉದ್ದ ಕಾಲು ಸೌದೆ ಉರುಳಿ ಹೊರಗೆ ಬರದ ಹಾಗೆ ತಡೆಯುತ್ತೆ. ತಟ್ಟೆ ಫೈರ್‌ಬ್ಯಾಕ್. ಇಟ್ಟಿಗೆ ಸುಟ್ಟು ಬಿರುಕು ಬಿಡದಂತೆ ಕಾಪಾಡುತ್ತೆ, ಕಾದ ಮೇಲೆ ಬೆಂಕಿ ಇಳಿದ್ರೂ ರೂಮಿಗೆ ಶಾಖ ಕೊಡ್ತಾನೇ ಇರುತ್ತೆ, ನಂಗಂತೂ ಇಡೀ ಫೈರ್‌ಪ್ಲೇಸ್‌ನಲ್ಲಿ ಇಷ್ಟವಾದ ಭಾಗ ಇದೇ.

ಉತ್ತರ 2: ಹೊಗೆಗೆ ಮೊದಲು ಡ್ಯಾಂಪರ್ ನೋಡಿ, ಚಿಮಣಿ ಗಂಟಲಲ್ಲಿರೋ ಮುಚ್ಚಳ ಅದು, ಹಚ್ಚೋ ಮುಂಚೆ ಪೂರ್ತಿ ತೆರೀಬೇಕು. ಕೆಂಡ ಇರುವಾಗ ಮಾತ್ರ ಮುಚ್ಚಲೇಬೇಡಿ, ಕಾರ್ಬನ್ ಮಾನಾಕ್ಸೈಡ್ ರೂಮಲ್ಲಿ ತುಂಬ್ಕೊಂಡ್ರೆ ವಾಸನೇನೂ ಬರಲ್ಲ, ಪ್ರಾಣಕ್ಕೇ ಕುತ್ತು. ಮಸಿ ಕಟ್ಟಿದ್ರೂ ಹೊಗೆ ವಾಪಸ್ ಬರುತ್ತೆ, ಚಿಮಣಿ ಗುಡಿಸೋರನ್ನ ಕರೆಸಿ.

ಪ್ರಶ್ನೆ ಕೇಳಿದವರು: ಡ್ಯಾಂಪರ್ ಅರ್ಧಕ್ಕೇ ಸಿಕ್ಕಾಕೊಂಡಿತ್ತು, ಮೇಲೆಲ್ಲಾ ತುಕ್ಕು! ತುಂಬಾ ಥ್ಯಾಂಕ್ಸ್. ಚಿಮಣಿ ಗುಡಿಸೋವರೆಗೂ ಬೆಂಕಿ ಹಚ್ಚಲ್ಲ.

ಉತ್ತರ 1: ಹಾಂ, ಕಿಡಿ ಹಾರದ ಹಾಗೆ ಮುಂದೆ ಜಾಲರಿ ಪರದೇನೂ ಇಡಿ.