ರಮ್ ಹಾಕಿದ ಕೋಳಿಮರಿ: ಅತ್ತಿಗೆಗೂ ದೊಡ್ಡಪ್ಪನಿಗೂ ಒಟ್ಟಿಗೇ ಉತ್ತರ

ಎಲ್ಲರಿಗೂ ನಮಸ್ಕಾರ. ನಿನ್ನೆ ನಾನು ಹಾಕಿದ, ರಮ್ ಬೆರೆಸಿ ಮಾಡಿದ ಹಳದಿ ಕೋಳಿಮರಿ ಆಕಾರದ ಮಾರ್ಷ್‌ಮೆಲ್ಲೋ (ಮೆತ್ತನೆಯ ಸಕ್ಕರೆ ಮಿಠಾಯಿ) ಫೋಟೋಗೆ ಇಷ್ಟೊಂದು ಗಲಾಟೆ ಆಗುತ್ತದೆ ಅಂದುಕೊಂಡಿರಲಿಲ್ಲ. ಟೊರಾಂಟೊ ಅತ್ತಿಗೆ "ರೆಸಿಪಿ ಕಳಿಸು, ಈಸ್ಟರ್ ದಿನ ನಮ್ಮನೆಗೆ ಆಫೀಸಿನವರು ಬರುತ್ತಾರೆ" ಅಂದರು. ದಾವಣಗೆರೆ ಚಿಕ್ಕಮ್ಮ "ಅದು ವೆಜ್ಜಾ?" ಅಂತ ಕೇಳಿದರು. ದೊಡ್ಡಪ್ಪನದು ಒಂದೇ ಸಾಲು: "ಹಬ್ಬದ ಸಿಹಿಗೆ ಹೆಂಡ ಬೆರೆಸೋದು ಯಾವೂರ ಪದ್ಧತಿ?" ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಅದಕ್ಕೆ ಮಾತಲ್ಲೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಒಂದೂವರೆ ಸ್ಪೀಡಲ್ಲಿ ಕೇಳಿ.

ಮೊದಲು ದೊಡ್ಡಪ್ಪ. ಯುಗಾದಿಗೆ ಬೇವು ಬೆಲ್ಲ ತಿಂದಿದ್ದೇವೆ, ಒಬ್ಬಟ್ಟೂ ಆಗಿದೆ, ಅದರಲ್ಲೇನೂ ಕಮ್ಮಿ ಮಾಡಿಲ್ಲ. ಇದು ಇಲ್ಲಿ, ಅಮೆರಿಕದ ಕ್ರೈಸ್ತರ ಹಬ್ಬ. ಯುಗಾದಿಯ ಹಾಗೆ ಈಸ್ಟರ್‌ಗೂ ಚಂದ್ರನದೇ ಲೆಕ್ಕ. ಮಾರ್ಚ್ 21ಕ್ಕೋ ಆಮೇಲೋ ಬರುವ ಹುಣ್ಣಿಮೆ ಕಳೆದು, ಮೊದಲ ಭಾನುವಾರ. ಈ ಸಲ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ ಬಂತು, ಈಸ್ಟರ್ ಏಪ್ರಿಲ್ 5ಕ್ಕೆ. ಅದಕ್ಕೆ ಮುಂಚೆ 40 ದಿನ ಲೆಂಟ್ ಅಂತ ವ್ರತ. ನಮ್ಮ ಪಕ್ಕದ ಮನೆಯಲ್ಲಿ ಗಂಡ ಸಿಹಿ ಬಿಡುತ್ತಾರೆ, ಹೆಂಡತಿ ವೈನ್ ಬಿಡುತ್ತಾರೆ. ಈಸ್ಟರ್ ದಿನ ಇಬ್ಬರ ವ್ರತವೂ ಒಟ್ಟಿಗೇ ಮುಗಿಯುತ್ತದೆ. ಅವರ ಮನೆ ಊಟಕ್ಕೆ ಏನು ತೆಗೆದುಕೊಂಡು ಹೋಗೋದು ಅಂತ ಯೋಚಿಸಿದರೆ ರಮ್ ಹಾಕಿದ ಸಿಹಿ ತಾನಾಗೇ ಹೊಳೆಯುತ್ತದೆ, ಅಲ್ವಾ? ಚರ್ಚಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ದೊಡ್ಡವರ ತಮಾಷೆ. ಇನ್ನೊಂದು ಮಾತು ದೊಡ್ಡಪ್ಪ, ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೇಕರಿಯಿಂದ ಪ್ಲಮ್ ಕೇಕ್ ತರಿಸುತ್ತೀರಲ್ಲ, ಅದರ ದ್ರಾಕ್ಷಿ ನೀರಲ್ಲಿ ನೆನೆದದ್ದು ಅಂದುಕೊಂಡಿದ್ದೀರಾ?

ಆಯ್ತು, ಬೈಯಬೇಡಿ.

ಈ ಕೋಳಿಮರಿ ಆಕಾರ ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಈಸ್ಟರ್ ಬಂತೆಂದರೆ ಅಂಗಡಿ ತುಂಬಾ ಪೀಪ್ಸ್ ಅಂತ ಹಳದಿ ಮಾರ್ಷ್‌ಮೆಲ್ಲೋ ಮರಿಗಳು ಸಾಲಾಗಿ ಕೂತಿರುತ್ತವೆ. ಅದನ್ನು ಮಾಡುವ ಜಸ್ಟ್ ಬಾರ್ನ್ ಕಂಪನಿ ನಮ್ಮ ಪೆನ್ಸಿಲ್ವೇನಿಯದ್ದೇ, ಬೆತ್ಲೆಹೆಮ್ ಅನ್ನುವ ಊರಿನದು. ಅವರು 1953ರಲ್ಲಿ ಲ್ಯಾಂಕಾಸ್ಟರ್‌ನ ರೊಡ್ಡಾ ಅನ್ನುವ ಮಿಠಾಯಿ ಕಂಪನಿಯನ್ನು ಕೊಂಡರು. ಅಲ್ಲಿ ಹೆಂಗಸರು ಕೋನ್ ಹಿಡಿದು ಒಂದೊಂದೇ ಮರಿಯನ್ನು ಕೈಯಲ್ಲಿ ಹಿಂಡಿ ಮಾಡುತ್ತಿದ್ದರಂತೆ. ಒಣಗಿ ತಯಾರಾಗೋ ಹೊತ್ತಿಗೆ ಒಂದು ಮರಿಗೆ 27 ಗಂಟೆ. ಆಮೇಲೆ ಮಾಲೀಕರ ಮಗ ಬಾಬ್ ಬಾರ್ನ್ ಯಂತ್ರ ಮಾಡಿಸಿದರು, ಈಗ 6 ನಿಮಿಷಕ್ಕೆ ಒಂದು ಮರಿ ಸಿದ್ಧ. ನಾವು ಮನೆಯಲ್ಲಿ ಮಾಡೋದು ಆ ಹಳೇ ಕಾಲದ ಕೈಕೆಲಸವನ್ನೇ. 27 ಗಂಟೆ ಬೇಡ ಅತ್ತಿಗೆ, ಒಂದು ಸಂಜೆ ಸಾಕು.

ಚಿಕ್ಕಮ್ಮ, ನೀವು ಕೇಳಿದ್ದಕ್ಕೆ ನೇರ ಉತ್ತರ: ಅಲ್ಲ, ವೆಜ್ ಅಲ್ಲ. ರಮ್ಮಿನಿಂದಲ್ಲ, ಜೆಲಟಿನ್‌ನಿಂದ. ಜೆಲಟಿನ್ ಅಂದರೆ ಹಂದಿ ಚರ್ಮ, ದನದ ಚರ್ಮ, ಮೂಳೆ ಇವುಗಳಿಂದ ತೆಗೆಯೋದು. ಅಂಗಡಿಯ ಪೀಪ್ಸ್‌ನಲ್ಲೂ ಹಂದಿಯದ್ದೇ. ಊರಲ್ಲಿ ಮಾರ್ಷ್‌ಮೆಲ್ಲೋ ಪ್ಯಾಕೆಟ್ ಕೊಂಡರೆ ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ನೋಡಿ ಕೊಳ್ಳಿ. ತಮಾಷೆ ಏನೆಂದರೆ, ಹಿಂದೆ ಇದನ್ನು ಒಂದು ಗಿಡದ ಬೇರಿನ ಲೋಳೆಯಿಂದ ಮಾಡುತ್ತಿದ್ದರು. ನಮ್ಮ ಬೆಂಡೆಕಾಯಿ, ದಾಸವಾಳದ ಕುಟುಂಬದ್ದೇ ಆ ಗಿಡ. ಈಗ ಅದರ ಸುಳಿವೂ ಇಲ್ಲ. ನಿಮಗೆ ಬೇರೆ ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಈಗ ಅತ್ತಿಗೆ, ಪೆನ್ನು ತಗೊಳ್ಳಿ.

ಒಂದು ಪೊಟ್ಟಣ ಜೆಲಟಿನ್ ಪುಡಿ, 7 ಗ್ರಾಂ ಇರುತ್ತದೆ. 45 ಎಂಎಲ್ ರಮ್, ಅಂದರೆ ಅಣ್ಣನ ಲೆಕ್ಕದಲ್ಲಿ ಒಂದೂವರೆ ಸ್ಮಾಲ್. 35 ಎಂಎಲ್ ತಣ್ಣೀರು. ಪಾಕಕ್ಕೆ 200 ಗ್ರಾಂ ಸಕ್ಕರೆ, 60 ಎಂಎಲ್ ನೀರು, ನಾಲ್ಕು ಹನಿ ನಿಂಬೆರಸ, ಚಿಟಿಕೆ ಉಪ್ಪು. ಮೇಲೆ ಉದುರಿಸೋದಕ್ಕೆ ಬಣ್ಣದ ಸಕ್ಕರೆ. ಇಷ್ಟೇ ಸಾಮಾನು.

ಜೆಲಟಿನ್ ಪುಡಿಯನ್ನು ಮಿಕ್ಸರ್ ಬೌಲ್‌ನಲ್ಲಿ ರಮ್ಮು ನೀರು ಬೆರೆಸಿದ್ದರ ಮೇಲೆ ಉದುರಿಸಿ, 10 ನಿಮಿಷ ನೆನೆಯಲು ಬಿಡಿ. ಬರೀ ರಮ್ಮಲ್ಲಿ ನೆನೆಹಾಕಬೇಡಿ. ಜೆಲಟಿನ್ ಉಬ್ಬೋದಕ್ಕೆ ನೀರು ಬೇಕು. ಸ್ಟ್ರಾಂಗ್ ಡ್ರಿಂಕ್‌ನಲ್ಲಿ ಅದು ಗಂಟುಗಂಟಾಗಿ ರಬ್ಬರಿನಂತೆ ಕೂತುಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಪಾಕ ಸುರಿದರೂ ಕರಗೋದು ಕಷ್ಟ.

ಪಾಕ ನಿಮಗೆ ಹೇಳಿಕೊಡಬೇಕಾ? ಮೈಸೂರು ಪಾಕಿಗೆ ಒಂದೆಳೆ ಬಂದರೆ ಸಾಕು, ಇದಕ್ಕೆ ಅದನ್ನೂ ದಾಟಬೇಕು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟರೆ ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಬೇಕು. ಥರ್ಮಾಮೀಟರ್ ಇದ್ದರೆ 115 ಡಿಗ್ರಿ ಸೆಲ್ಸಿಯಸ್. ನಿಂಬೆರಸ ಹಾಕೋದು ಜಿಲೇಬಿ ಪಾಕಕ್ಕೆ ಹಾಕುವ ಕಾರಣಕ್ಕೇ, ಸಕ್ಕರೆ ಮತ್ತೆ ಹರಳು ಕಟ್ಟಬಾರದು. 115 ಆಗುವ ಮುಂಚೆ ಇಳಿಸಿದರೆ ಮರಿ ನಿಲ್ಲೋದಿಲ್ಲ, ಪಕ್ಕಕ್ಕೆ ವಾಲುತ್ತದೆ. ಜಾಸ್ತಿ ಕಾಯಿಸಿದರೆ ಕೋನ್‌ನೊಳಗೇ ಗಟ್ಟಿಯಾಗುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರಮ್ಮನ್ನು ಒಲೆ ಮೇಲಿನ ಪಾಕಕ್ಕೆ ಸುರಿಯಬೇಡಿ. ಕುದಿಯುವ ಪಾಕಕ್ಕೆ ಬಿದ್ದರೆ ಆವಿ ಭಗ್ ಅಂತ ಮೇಲೇಳುತ್ತದೆ, ಕೆಳಗೆ ಗ್ಯಾಸ್ ಉರಿಯುತ್ತಿರುತ್ತದೆ. ಯಾವಾಗಲೂ ಒಲೆಯಿಂದ ಇಳಿಸಿದ ಪಾಕವನ್ನು ರಮ್ ಇರುವ ಬೌಲ್‌ಗೆ ಸುರಿಯಿರಿ. ಆಗಲೂ ಮುಖ ಬೌಲ್ ಮೇಲೆ ಬಗ್ಗಿಸಬೇಡಿ. ಆ ಗಮ ಮೂಗಿಗೆ ಬಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಒಂದು ನಿಮಿಷ ಚಮಚದಲ್ಲಿ ಆಡಿಸಿ ಜೆಲಟಿನ್ ಕರಗಿಸಿ. ಮೊದಲು ನಿಧಾನ, ಆಮೇಲೆ ಪೂರ್ತಿ ಸ್ಪೀಡ್. 8ರಿಂದ 10 ನಿಮಿಷ. ಶುರುವಲ್ಲಿ ಚಹಾ ಬಣ್ಣದ ನೀರು, ನೋಡಿದರೆ ಇದು ಆಗೋದಿಲ್ಲ ಅನ್ನಿಸುತ್ತದೆ. 4 ನಿಮಿಷಕ್ಕೆ ನೊರೆ, ಆಮೇಲೆ ಒಮ್ಮೆಲೇ ಬೆಳ್ಳಗಾಗಿ ಉಬ್ಬುತ್ತದೆ. ವಿಸ್ಕ್ ಎತ್ತಿದರೆ ತುದಿ ಬಗ್ಗಿ ನಿಲ್ಲಬೇಕು, ಬೌಲ್ ಹೊರಗಡೆ ಮುಟ್ಟಿದರೆ ಉಗುರುಬೆಚ್ಚಗಿರಬೇಕು. ಆ ಕ್ಷಣವೇ ಕೋನ್‌ಗೆ ತುಂಬಿ. ಫೋನ್ ಬಂದರೂ ಎತ್ತಬೇಡಿ, ನನ್ನದಾದರೂ ಸರಿ.

ತಟ್ಟೆಯಲ್ಲಿ ಮೊದಲೇ ಬಣ್ಣದ ಸಕ್ಕರೆ ಹರಡಿಟ್ಟಿರಬೇಕು. ಸಕ್ಕರೆಗೆ ಎರಡು ಹನಿ ಹಳದಿ ಫುಡ್ ಕಲರ್ ಹಾಕಿ ಜಿಪ್ ಕವರ್‌ನಲ್ಲಿ ಅಲ್ಲಾಡಿಸಿದರೆ ಆಯ್ತು. ಅರಿಶಿನ ಬೇಡ, ರಮ್ಮಿನ ಜೊತೆ ಹೊಂದೋದಿಲ್ಲ. ಕೋನ್ ತುದಿ ಅರ್ಧ ಇಂಚು ದಪ್ಪ ಇರಲಿ. ಹಿಡಿಯೋದು ಮೆಹೆಂದಿ ಕೋನ್ ಹಿಡಿದ ಹಾಗೇ. ಮೊದಲು ಒಂದು ಲಿಂಬೆ ಗಾತ್ರ ಹಿಂಡಿ, ಹಿಂದಕ್ಕೆ ಸ್ವಲ್ಪ ಎಳೆದು ಬಾಲ ಮಾಡಿ. ಕೈ ಬಿಡದೆ ಅದರ ಮೇಲೇ ಮುಂದಕ್ಕೆ ಬಂದು ತಲೆ ಹಿಂಡಿ. ಒತ್ತೋದು ನಿಲ್ಲಿಸಿ ಚೂರು ಮುಂದಕ್ಕೆ ಎಳೆದರೆ ಕೊಕ್ಕು ತಾನಾಗೇ ಬರುತ್ತದೆ. ತಕ್ಷಣ ಮೇಲಿಂದ ಸಕ್ಕರೆ ಉದುರಿಸಿ, ಅಂಟು ಆರಿದ ಮೇಲೆ ಸಕ್ಕರೆ ಹಿಡಿಯೋದಿಲ್ಲ. ಒಂದು ಗಂಟೆ ಬಿಟ್ಟು ಕರಗಿಸಿದ ಚಾಕಲೇಟನ್ನು ಟೂತ್‌ಪಿಕ್‌ನಲ್ಲಿ ಅದ್ದಿ ಕಣ್ಣು ಇಡಿ. ಮೊದಲ ಐದಾರು ಮರಿಗಳು ಬಾತುಕೋಳಿಯೂ ಅಲ್ಲ, ಕೋಳಿಯೂ ಅಲ್ಲ ಅನ್ನುವ ಹಾಗೆ ಬರುತ್ತವೆ. ಅವನ್ನು ಅಣ್ಣನಿಗೆ ಕೊಟ್ಟುಬಿಡಿ.

ಯಾವ ಡ್ರಿಂಕ್ ಅಂತ ಕೇಳಿದ್ದಿರಿ. ನಾನು ಹಾಕಿದ್ದು ಓಲ್ಡ್ ಮಾಂಕ್. ಅದರಲ್ಲೇ ವೆನಿಲಾ ಪರಿಮಳ ಇದೆ, ಎಸೆನ್ಸ್ ಬೇಡ. ಸಿಗದಿದ್ದರೆ ಯಾವುದಾದರೂ ಡಾರ್ಕ್ ರಮ್ ಅಥವಾ ಬೋರ್ಬನ್ ಅನ್ನುವ ಅಮೆರಿಕದ ವಿಸ್ಕಿ. ವೋಡ್ಕಾ ಹಾಕಿದರೆ ಖಾರ ಮಾತ್ರ, ರುಚಿ ಇಲ್ಲ. ಕ್ರೀಮ್ ಇರುವ ಲಿಕ್ಕರ್‌ಗಳು ಬೇಡವೇ ಬೇಡ, ಅದರ ಕೊಬ್ಬಿಗೆ ನೊರೆ ಕುಸಿಯುತ್ತದೆ. ಅಣ್ಣ "ಪೈನಾಪಲ್ ಜ್ಯೂಸ್ ಸೇರಿಸಿ ಪೀನ್ಯಾ ಕೊಲಾಡಾ ಮಾಡೋಣ" ಅಂದಿದ್ದಾರಲ್ಲ, ಹಸಿ ಅನಾನಸ್ ರಸ ಹಾಕಿದರೆ ಜೆಲಟಿನ್ ಹೆಪ್ಪುಗಟ್ಟೋದೇ ಇಲ್ಲ. ಅದರಲ್ಲಿರುವ ಕಿಣ್ವ ಜೆಲಟಿನ್ನನ್ನು ತುಂಡು ಮಾಡಿಹಾಕುತ್ತದೆ. ಹಸಿ ಪಪ್ಪಾಯಿಯೂ ಹಾಗೇ. ಡಬ್ಬಿಯ ರಸ ಆದರೆ ಪರವಾಗಿಲ್ಲ, ಅದನ್ನು ಕಾಯಿಸಿರುತ್ತಾರೆ.

ಈಗ ನಿಜವಾದ ವಿಷಯ. "ಬಿಸಿ ಪಾಕ ಬೀಳುತ್ತಲ್ಲ, ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತೆ ಬಿಡಿ" ಅಂತ ಅತ್ತಿಗೆ ಬರೆದಿದ್ದಾರೆ. ಹಾರಿಹೋಗೋದಿಲ್ಲ ಅತ್ತಿಗೆ. ಕುದಿಯುವ ಪದಾರ್ಥಕ್ಕೆ ಬೆರೆಸಿ ಒಲೆಯಿಂದ ಇಳಿಸಿದರೆ ಸುಮಾರು 85 ಪರ್ಸೆಂಟ್ ಉಳಿಯುತ್ತದೆ ಅಂತ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೇ ಹೇಳುತ್ತದೆ. ಎರಡೂವರೆ ಗಂಟೆ ಕುದಿಸಿದ ಮೇಲೂ ಚೂರು ಉಳಿದಿರುತ್ತದೆ. ಲೆಕ್ಕ ಹಾಕಿ ನೋಡಿ. 45 ಎಂಎಲ್ ರಮ್ ಅಂದರೆ ಇಲ್ಲಿಯವರು ಒಂದು ಡ್ರಿಂಕ್ ಅನ್ನುವಷ್ಟು, ಅದರಲ್ಲಿ 14 ಗ್ರಾಂ ಆಲ್ಕೋಹಾಲ್. ಒಂದು ಹದಕ್ಕೆ 20 ಮರಿ ಆಗುತ್ತವೆ ಅಂದುಕೊಳ್ಳಿ. ಒಂದು ಮರಿ ತಿಂದ ದೊಡ್ಡವರಿಗೆ ಏನೂ ಆಗೋದಿಲ್ಲ. ಆದರೆ ಒಂದಕ್ಕೇ ಯಾರು ನಿಲ್ಲಿಸುತ್ತಾರೆ? ಹತ್ತು ತಿಂದರೆ ಹೆಚ್ಚುಕಮ್ಮಿ ಅರ್ಧ ಡ್ರಿಂಕ್ ಹೊಟ್ಟೆಗೆ ಹೋದ ಹಾಗೆ.

ಮಕ್ಕಳಿಗೆ ಒಂದೂ ಬೇಡ. ನಿಮ್ಮ ಆಫೀಸಿನವರು ಮಕ್ಕಳನ್ನೂ ಕರೆತರಬಹುದು ಅಂದಿರಿ. ಈಸ್ಟರ್ ದಿನ ಇಲ್ಲಿಯ ಮಕ್ಕಳು ಬುಟ್ಟಿ ಹಿಡಿದು ಮೊಟ್ಟೆ ಹುಡುಕುತ್ತಾ ಮನೆಯೆಲ್ಲ ಸುತ್ತುತ್ತಾರೆ. ಹಳದಿ ಕೋಳಿಮರಿ ಕಂಡರೆ ಅವರು ಯಾರನ್ನೂ ಕೇಳೋದಿಲ್ಲ, ಸೀದಾ ಬಾಯಿಗೆ. ಅದು ತಮ್ಮದೇ ಅಂತ ಅವರಿಗೆ ಹುಟ್ಟಿನಿಂದ ಗೊತ್ತು. ಚೀಟಿ ಅಂಟಿಸಿಟ್ಟರೆ ಸಾಕು ಅನ್ನುವವರಿದ್ದಾರೆ, ನಾಲ್ಕು ವರ್ಷದ ಮಗು ಚೀಟಿ ಓದುತ್ತದಾ? ಆದ್ದರಿಂದ ನಿಮ್ಮ ಮನೆಗೆ ನನ್ನ ಸಲಹೆ: ಹಳದಿ ಮರಿಗಳನ್ನು ರಮ್ ಇಲ್ಲದೆ ಮಾಡಿ, ರಮ್ ಬದಲು ಅಷ್ಟೇ ನೀರು, ಅರ್ಧ ಚಮಚ ವೆನಿಲಾ. ರಮ್ಮಿನದ್ದನ್ನು ತಟ್ಟೆಗೆ ಸುರಿದು ಚೌಕ ಕತ್ತರಿಸಿ, ಕೋಕೋ ಪುಡಿಯಲ್ಲಿ ಹೊರಳಿಸಿ, ಎತ್ತರದ ಕಡೆ ಇಡಿ. ಕಪ್ಪಗೆ, ಕಹಿಯಾಗಿರೋದನ್ನು ಮಕ್ಕಳು ಮೂಸಿಯೂ ನೋಡೋದಿಲ್ಲ. ನಾನು ಮರಿ ಆಕಾರದಲ್ಲಿ ಮಾಡಿದ್ದು ಪಕ್ಕದ ಮನೆಯಲ್ಲಿ ಎಲ್ಲರೂ ದೊಡ್ಡವರೇ ಇರೋದರಿಂದ.

ಬಂದವರಿಗೆಲ್ಲ ಬಾಯಿಬಿಟ್ಟೇ ಹೇಳಿ, "ಇದರಲ್ಲಿ ರಮ್ ಇದೆ" ಅಂತ. ಬಸುರಿಯರು ಇರಬಹುದು, ಔಷಧಿ ತಗೊಳ್ಳುವವರು ಇರಬಹುದು. ಕುಡಿಯೋದು ಬಿಟ್ಟವರು ಇರಬಹುದು, ಅವರು ತಾವಾಗಿ ಕೇಳೋದಿಲ್ಲ. ಕೆಲವರ ಧರ್ಮಕ್ಕೆ ರಮ್ಮೂ ಆಗದು, ಹಂದಿ ಜೆಲಟಿನ್ನೂ ಆಗದು. ಅಂಥವರು ಬರುತ್ತಾರೆ ಅಂದರೆ ರಮ್ ಇಲ್ಲದ ಹದಕ್ಕೆ ಹಲಾಲ್ ಅಂಗಡಿಯ ಬೀಫ್ ಜೆಲಟಿನ್ ತನ್ನಿ, ಇಲ್ಲದಿದ್ದರೆ ಚಿಕ್ಕಮ್ಮನ ದಾರಿ ಹಿಡಿಯಿರಿ.

ಆ ದಾರಿ ಇದು. ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಅಥವಾ ಕಡಲೆ ಡಬ್ಬಿಯ ನೀರು ಅರ್ಧ ಕಪ್, ಚಿಟಿಕೆ ಕ್ರೀಮ್ ಆಫ್ ಟಾರ್ಟರ್ (ನೊರೆ ಗಟ್ಟಿಯಾಗಿ ನಿಲ್ಲಿಸುವ ಹುಳಿ ಪುಡಿ). ಬೀಟ್ ಮಾಡಿದರೆ ಮೊಟ್ಟೆಯ ಬಿಳಿಯಷ್ಟೇ ಚೆನ್ನಾಗಿ ನೊರೆ ನಿಲ್ಲುತ್ತದೆ. ಇನ್ನೊಂದು ಕಡೆ ಎರಡು ಚಮಚ ಚೈನಾ ಗ್ರಾಸ್ (ಕಡಲ ಪಾಚಿಯಿಂದ ಮಾಡುವ ಅಗರ್ ಅಗರ್) ಪುಡಿಯನ್ನು ಸಕ್ಕರೆ ನೀರಿನ ಜೊತೆ ಚೆನ್ನಾಗಿ ಕುದಿಸಿ. ಕುದಿಯದಿದ್ದರೆ ಅದು ಕರಗೋದಿಲ್ಲ. ಬಿಸಿಯಾಗಿರುವಾಗಲೇ ನೊರೆಗೆ ಸಣ್ಣ ಧಾರೆಯಲ್ಲಿ ಸುರಿಯುತ್ತಾ ಬೀಟ್ ಮಾಡಿ, ತಕ್ಷಣ ತಟ್ಟೆಗೆ ಹಾಕಿ. ಇದು ಬೇಗ ಕಟ್ಟಿಕೊಳ್ಳುತ್ತದೆ, ಕೋನ್‌ನಲ್ಲಿ ಹಿಂಡೋದು ಆಗದ ಮಾತು. ಆರಿದ ಮೇಲೆ ಕುಕೀ ಕಟರ್‌ನಲ್ಲಿ ಮರಿ ಕತ್ತರಿಸಿ. ಬಾಯಲ್ಲಿ ಜೆಲಟಿನ್ನಿನದ್ದಷ್ಟು ಜಗಿಯಲು ಸಿಗೋದಿಲ್ಲ, ಮೆತ್ತಗೆ ಮುರಿಯುತ್ತದೆ. ನನಗೇನೋ ಅಷ್ಟು ಹಿಡಿಸಲಿಲ್ಲ, ನಮ್ಮನೆಯವರು ಮಾತ್ರ ಅದನ್ನೇ ಹುಡುಕಿಕೊಂಡು ತಿಂದರು.

ಚಿಕ್ಕಮ್ಮ, ನೀವು ದಾವಣಗೆರೆಯಲ್ಲಿ ಏಪ್ರಿಲ್ ಬಿಸಿಲಲ್ಲಿ ಮಾಡೋದಾದರೆ ಇದೇ ಒಳ್ಳೆಯದು. ಜೆಲಟಿನ್ ಕರಗೋದು ಸುಮಾರು 35 ಡಿಗ್ರಿಗೆ. ಬಾಯಲ್ಲಿಟ್ಟರೆ ಕರಗುವ ಸುಖ ಅದರಿಂದಲೇ ಬರುತ್ತದೆ. ಆದರೆ ಅಡುಗೆಮನೆಯೇ 38 ಇದ್ದರೆ ಮರಿ ತಟ್ಟೆಯಲ್ಲೇ ಕೂತು ಕರಗುತ್ತದೆ. ಚೈನಾ ಗ್ರಾಸ್ ಒಮ್ಮೆ ಕಟ್ಟಿದರೆ 80 ಡಿಗ್ರಿ ದಾಟುವವರೆಗೂ ಅಲ್ಲಾಡೋದಿಲ್ಲ. ಮಂಗಳೂರಿನವರು ಇಲ್ಲಿ ಯಾರಾದರೂ ಕೇಳುತ್ತಿದ್ದರೆ, ನಿಮ್ಮ ಸೆಕೆಗೆ ಸಕ್ಕರೆ ನೀರು ಬಿಟ್ಟುಕೊಳ್ಳುತ್ತದೆ. ನೀವು ಸುಮ್ನೆ ಗೇರುಬೀಜ ಅರೆದು ಮಾಡುವ ಮಾರ್ಜಿಪಾನ್ ಅನ್ನುವ ಸಿಹಿಯ ಮೊಟ್ಟೆ ಕೊಂಡು ತನ್ನಿ, ಅದರ ಮುಂದೆ ಇದು ಏನೂ ಅಲ್ಲ.

ಫ್ರಿಜ್‌ನಲ್ಲಿ ಇಡಬೇಡಿ ಅತ್ತಿಗೆ, ಹೊರಗೆ ತೆಗೆದ ಕೂಡಲೇ ಬೆವರಿ ಮೇಲಿನ ಸಕ್ಕರೆ ಕರಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಮಧ್ಯೆ ಬಟರ್ ಪೇಪರ್ ಹಾಕಿ ಹೊರಗೇ ಇಟ್ಟರೆ ನಿಮ್ಮ ಊರ ಚಳಿಗೆ ಆರಾಮಾಗಿ ಇರುತ್ತವೆ. ಶುಕ್ರವಾರ ರಾತ್ರಿ ಮಾಡಿಟ್ಟರೆ ಭಾನುವಾರಕ್ಕೆ ಸರಿಹೋಗುತ್ತದೆ. ರಮ್ಮಿನ ವಾಸನೆ ಮೊದಲ ದಿನ ಜೋರು, ಆಮೇಲೆ ಹದಕ್ಕೆ ಬರುತ್ತದೆ.

ನಿಮ್ಮ ಹತ್ತಿರ ಸ್ಟ್ಯಾಂಡ್ ಮಿಕ್ಸರ್ ಇದೆಯಾ, ಕೈಯಲ್ಲಿ ಹಿಡಿಯೋದಾ? ಅದನ್ನು ಹೇಳಿ. ಕೈಯಲ್ಲಿ ಹಿಡಿಯೋದಾದರೆ 15 ನಿಮಿಷದ ಹತ್ತಿರ ಬೇಕಾಗುತ್ತದೆ, ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.