ಇಲೆಕ್ಟ್ರಾನ್ ಸಾಗಾಟ: ‘ನಿಯಂತ್ರಣ’ವೋ ‘ಹದ’ವೋ?

ಬಲ್ಲವರಲ್ಲಿ ಒಂದು ಪದವಿಚಾರ. ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ದ್ಯುತಿಸಂಶ್ಲೇಷಣೆಯ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಇಲೆಕ್ಟ್ರಾನ್ ಸಾಗಾಟ’ದ ಬಗ್ಗೆ ಸಂದೇಹವಿಲ್ಲ. ಘಟ್ಟದ ಮೇಲಿನವರು ‘ಸಾಗಣೆ’ ಎಂದಾರು. ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಸಾಗಾಟವೇ ರೂಢಿ.

ತೊಡಕಿರುವುದು ಆ ಸಾಗಾಟದ ‘ರೆಗ್ಯುಲೇಶನ್’ ಎಂಬಲ್ಲಿ. ‘ನಿಯಂತ್ರಣ’ ಎಂದರೆ ಹೊರಗಿನಿಂದ ಯಾರೋ ಬಿಗಿಹಿಡಿದಂತೆ ಕೇಳಿಸುತ್ತದೆ. ನಮ್ಮ ತೋಡಿನ ಕಟ್ಟಕ್ಕಾದರೆ ಹಲಗೆ ಇಡಲು, ತೆಗೆಯಲು ತೋಟದವರೇ ಹೋಗಬೇಕು. ಎಲೆಯಲ್ಲಿ ಅಂಥ ಕೈ ಇಲ್ಲ. ನೀರಿನಿಂದ ಬಿಡಿಸಿದ ಇಲೆಕ್ಟ್ರಾನ್‌ಗಳು ಬೆಳಕನ್ನು ಹಿಡಿಯುವ ಎರಡು ಪ್ರೋಟೀನ್ ಕೂಟಗಳಲ್ಲಿ ಒಂದಾದ ಎರಡನೆಯ ದ್ಯುತಿವ್ಯವಸ್ಥೆಯಿಂದ ಹೊರಟು ಪ್ಲಾಸ್ಟೋಕ್ವಿನೋನ್, ಸೈಟೋಕ್ರೋಮ್ ಬಿ6ಎಫ್, ಪ್ಲಾಸ್ಟೋಸಯನಿನ್ ಎಂಬ ವಾಹಕಗಳ ಮೂಲಕ ಒಂದನೆಯ ದ್ಯುತಿವ್ಯವಸ್ಥೆಗೆ ಸಾಗುವಾಗ, ಎಲೆಯ ಹಸಿರುಕಣದಲ್ಲಿರುವ ಥೈಲಕಾಯ್ಡ್ ಚೀಲದೊಳಗೆ ಪ್ರೋಟಾನ್‌ಗಳು ತುಂಬುತ್ತವೆ. ಅವು ಹೊರಬರುವ ದಾರಿಯಲ್ಲೇ, ಸಕ್ಕರೆ ತಯಾರಿಸಲು ಶಕ್ತಿ ಕೊಡುವ ಎಟಿಪಿ ತಯಾರಾಗುತ್ತದೆ: 14 ಪ್ರೋಟಾನ್‌ಗಳಿಗೆ 3 ಎಟಿಪಿ. ಬಿಸಿಲು ಏರಿ, ಸಕ್ಕರೆ ತಯಾರಿಸುವ ಕೆಲಸ ಹಿಂದೆ ಬಿದ್ದರೆ ಎಟಿಪಿಯ ಖರ್ಚು ತಗ್ಗಿ, ಪ್ರೋಟಾನ್‌ಗಳು ಒಳಗೇ ಉಳಿದು ಆಮ್ಲತೆ ಹೆಚ್ಚುತ್ತದೆ. ಆ ಆಮ್ಲತೆಯೇ ಬಿ6ಎಫ್‌ನಲ್ಲಿ ಸಾಗಾಟವನ್ನು ನಿಧಾನಗೊಳಿಸಿ, ಒಂದನೆಯ ದ್ಯುತಿವ್ಯವಸ್ಥೆ ಕೆಡದಂತೆ ಕಾಯುತ್ತದೆ. ಸಾಗಾಟದಿಂದ ಹುಟ್ಟಿದ್ದೇ ಸಾಗಾಟವನ್ನು ತಡೆಯುವ ಈ ಚಂದವನ್ನು ಮಕ್ಕಳಿಗೆ ದಾಟಿಸದೆ ಬಿಡಲು ನನಗೆ ಮನಸ್ಸಿಲ್ಲ.

ಹಾಗಾಗಿ ‘ಹದ’ ಎಂಬ ಪದ ಹಿಡಿಸಿದೆ. ಅದರಲ್ಲಿ ತಡೆಯೂ ಇದೆ, ಬಿಡುವೂ ಇದೆ. ‘ಹದಗೊಳಿಸು’ ಎಂದರೆ ಮತ್ತೆ ಕರ್ತೃವೊಬ್ಬ ಬಂದು ನಿಲ್ಲುತ್ತಾನೆ. ‘ಎಲೆ ಸಾಗಾಟವನ್ನು ಹದಮಾಡಿಕೊಳ್ಳುತ್ತದೆ’ ಎಂದರೆ ನಮ್ಮ ‘ಕೊಳ್ಳು’ ಎಲ್ಲವನ್ನೂ ಹೇಳಿಬಿಡುತ್ತದೆ. ಆದರೆ ಶೀರ್ಷಿಕೆಗೆ ನಾಮಪದ ಬೇಕಲ್ಲ! ‘ಸ್ವನಿಯಮನ’ ಅರ್ಥಕ್ಕೆ ಒಪ್ಪುತ್ತದೆ, ಒಂಬತ್ತನೆಯ ತರಗತಿಯ ನಾಲಗೆಗೆ ಒಪ್ಪದು.

ಇನ್ನೊಂದು ಪದ ‘ಕ್ವೆಂಚಿಂಗ್’. ಅದೇ ಆಮ್ಲತೆ ವಯೋಲಾಕ್ಸಾಂಥಿನ್ ಎಂಬ ವರ್ಣಕವನ್ನು ಜಿಯಾಕ್ಸಾಂಥಿನ್ ಎಂಬ ಇನ್ನೊಂದು ವರ್ಣಕವಾಗಿಸುವ ಕಿಣ್ವವನ್ನೂ ಎಚ್ಚರಿಸುತ್ತದೆ. ಆ ಜಿಯಾಕ್ಸಾಂಥಿನ್ ನೆರವಿನಿಂದ ಹೆಚ್ಚಾದ ಬೆಳಕಿನ ಶಕ್ತಿ ಶಾಖವಾಗಿ ಹೊರಹೋಗುತ್ತದೆ; ಇದೇ ಕ್ವೆಂಚಿಂಗ್. ಅಡಿಕೆಯ ನೆರಳಲ್ಲಿರುವ ಕೊಕ್ಕೊ ಎಲೆಗೆ ಒಮ್ಮೆಲೇ ಬಿಸಿಲು ಬಿದ್ದಾಗ ಕೆಲವೇ ನಿಮಿಷಗಳಲ್ಲಿ ನಡೆಯುವ ಕೆಲಸವಿದು. ‘ತಣಿಸುವಿಕೆ’ ಎಂದು ಬರೆದರೆ ಎಲೆಯೇ ತಂಪಾಯಿತೆಂದು ಮಕ್ಕಳು ತಿಳಿಯುತ್ತಾರೆ. ‘ಶಮನ’ ವಾಸಿ, ಔಷಧದ ವಾಸನೆಯೊಂದಿದೆ. ‘ಶಾಖವಾಗಿ ಬಿಟ್ಟುಕೊಡುವುದು’ ಎಂದು ಬಿಡಿಸಿಯೇ ಬರೆಯಲೇ?

ಹದಕ್ಕೊಂದು ನಾಮರೂಪವನ್ನೂ, ಕ್ವೆಂಚಿಂಗಿಗೆ ಒಂದು ಪದವನ್ನೂ ಸೂಚಿಸಬೇಕೆಂದು ಕೋರುತ್ತೇನೆ. ತುಳು, ಹವ್ಯಕ ನುಡಿಗಳ ಮಾತಾದರೂ ಸರಿ; ಇಲ್ಲಿನ ಮಕ್ಕಳಿಗೆ ಅವು ಹೊಸತಲ್ಲ.